ಶಾಲೆ ಶುಲ್ಕದಲ್ಲಿ ರಿಯಾಯಿತಿ: ಒಪ್ಪುವ ಮುನ್ನ ಲೆಕ್ಕ ಹಾಕುವುದು ಹೇಗೆ?

ಪ್ರವೇಶದ ದಿನ ಕಚೇರಿಯ ಗುಮಾಸ್ತರು ನಮ್ಮ ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ ‘10% ಕಡಿತ’ ಎಂದು ಬರೆದರು. ಮಗಳು ಅದೇ ಶಾಲೆಯಲ್ಲಿದ್ದಳು, ಮಗನಿಗೆ ಸಿಕ್ಕ ರಿಯಾಯಿತಿ ಅದು. ಎರಡು ವರ್ಷ ಸರಿಯಾಗಿಯೇ ನಡೆಯಿತು. ಮೂರನೇ ವರ್ಷ ಮಗಳು ಅಲ್ಲಿ ಓದು ಮುಗಿಸಿ ಹೊರಬಂದಳು, ಮಗನ ರಿಯಾಯಿತಿಯೂ ನಿಂತುಹೋಯಿತು. ‘ಇಬ್ಬರೂ ಇಲ್ಲೇ ಓದ್ತಿದ್ರೆ ಮಾತ್ರ ಮೇಡಂ, ರೂಲ್ಸ್ ಹಾಗಿದೆ’ ಎಂದರು. ಎಲ್ಲಿದೆ ಆ ರೂಲ್ಸ್ ಎಂದರೆ ತೋರಿಸಲು ಒಂದು ಹಾಳೆಯೂ ಇರಲಿಲ್ಲ. ಹಾಗಾಗಿ ಈಗ ಯಾರು ಸಲಹೆ ಕೇಳಿದರೂ ಹೇಳುತ್ತೇನೆ: ಎಷ್ಟು ಕಡಿತ ಎನ್ನುವುದಕ್ಕಿಂತ ಮೊದಲು, ಯಾವ ನಿಯಮದಡಿ ಕಡಿತ ಎಂದು ಕೇಳಿ.

ಮೊದಲು, ರಿಯಾಯಿತಿ ಯಾವ ಬಗೆಯದ್ದು ತಿಳಿದುಕೊಳ್ಳಿ

ಒಡಹುಟ್ಟಿದವರಿಗೆ, ಸಿಬ್ಬಂದಿಯ ಮಕ್ಕಳಿಗೆ, ಅಂಕ ಗಳಿಸಿದವರಿಗೆ, ಮನೆಯ ಆದಾಯ ನೋಡಿ, ಬೇಗ ಕಟ್ಟಿದವರಿಗೆ ಎಂದು ಬಗೆ ಹಲವು. ಪ್ರತಿಯೊಂದಕ್ಕೂ ಶರತ್ತು ಬೇರೆ. ಅಂಕದ ಮೇಲೆ ಕೊಟ್ಟದ್ದು ಮುಂದಿನ ಪರೀಕ್ಷೆಯಲ್ಲೇ ಕೈತಪ್ಪಬಹುದು. ಆದಾಯ ನೋಡಿ ಕೊಡುವುದಕ್ಕೆ ಪ್ರತಿ ವರ್ಷ ಹೊಸದಾಗಿ ದಾಖಲೆ ಕೊಡಬೇಕಾಗಬಹುದು. ಎಷ್ಟು ವರ್ಷದವರೆಗೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಆಗಲೇ ಕೇಳಿಬಿಡಿ.

ಆಮೇಲೆ ಪೆನ್ನು ಹಿಡಿಯಿರಿ

ಕಳೆದ ವರ್ಷದ ಶುಲ್ಕ 100 ಎಂದಿಟ್ಟುಕೊಳ್ಳಿ. ಈ ವರ್ಷ ಅದನ್ನು 115ಕ್ಕೆ ಏರಿಸಿ, 10% ರಿಯಾಯಿತಿ ಎಂದರೆ ನೀವು ಕಟ್ಟುವುದು 103.5. ಹೆಸರಿಗೆ ರಿಯಾಯಿತಿ, ಕೈಯಿಂದ ಹೋಗುವುದು ಕಳೆದ ವರ್ಷಕ್ಕಿಂತ ಹೆಚ್ಚು. ಇನ್ನೊಂದು ಕಡೆಯೂ ಕಣ್ಣಿಡಿ. ಕಡಿತ ಸಿಗುವುದು ಬೋಧನಾ ಶುಲ್ಕಕ್ಕೆ ಮಾತ್ರವೇ? ಒಟ್ಟು 100ರಲ್ಲಿ ಬೋಧನಾ ಶುಲ್ಕ 60 ಮಾತ್ರವಾಗಿದ್ದು, ಉಳಿದದ್ದು ಅಭಿವೃದ್ಧಿ, ಬಸ್ಸು, ಚಟುವಟಿಕೆ ಎಂದಿದ್ದರೆ, 20% ಎಂದು ಹೇಳಿದ್ದು ನಿಜಕ್ಕೂ 12% ಆಗುತ್ತದೆ. ಶೇಕಡಾವಾರು ಬದಿಗಿಟ್ಟು, ವರ್ಷವಿಡೀ ಕಟ್ಟಬೇಕಾದ ಒಟ್ಟು ಮೊತ್ತವನ್ನು ಒಂದು ಸಾಲಿನಲ್ಲಿ ಬರೆಸಿಕೊಳ್ಳಿ.

ಒಟ್ಟಿಗೆ ಕಟ್ಟಿ ಎಂದರೆ

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಾಲ್ಕು ತಿಂಗಳಿಗೊಂದರಂತೆ ಮೂರು ಕಂತಿನಲ್ಲಿ ಕಟ್ಟುವ 100ನ್ನು ಮೊದಲೇ ಕಟ್ಟಿದರೆ 95 ಸಾಕು ಎನ್ನುತ್ತಾರೆ. ಮೊದಲ ಕಂತು ಹೇಗಿದ್ದರೂ ಆಗಲೇ ಕಟ್ಟಬೇಕಿತ್ತು. ಉಳಿದ ಎರಡು ಕಂತು ಸರಾಸರಿ ಆರು ತಿಂಗಳು ಮುಂಚೆ ಹೋಗುತ್ತವೆ. ಅಂದರೆ ಸುಮಾರು 62ನ್ನು ಆರು ತಿಂಗಳು ಮುಂಚೆ ಕೊಟ್ಟು 5 ಉಳಿಸಿದಂತೆ; ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು 16% ಬಡ್ಡಿ ಬಂದ ಹಾಗೆ. ಲಾಭವೇ. ಆದರೆ ವರ್ಷದ ನಡುವೆ ಊರು ಬಿಡಬೇಕಾಗಿ ಬಂದರೆ ಹಣ ವಾಪಸು ಬರುತ್ತದೆಯೇ? ಅದು ಬರಹದಲ್ಲಿ ಇಲ್ಲದಿದ್ದರೆ ಒಟ್ಟಿಗೆ ಕಟ್ಟಬೇಡಿ. ಎರಡು ಮೂರು ವರ್ಷದ್ದನ್ನು ಮುಂಗಡ ಕೇಳುವ ಶಾಲೆಯಾದರೆ ಇನ್ನೂ ಎಚ್ಚರ ಬೇಕು. ಶಾಲೆ ಮುಚ್ಚಿದರೆ, ಅದರಿಂದ ಹಣ ಬರಬೇಕಾದವರ ಸಾಲಿನಲ್ಲಿ ನೀವೂ ನಿಲ್ಲಬೇಕಾದೀತು.

ಕೊಡುವವರು ಯಾರು, ಯಾರಿಗೆ?

ಇಂಗ್ಲೆಂಡಿನ ಮಾಲ್ವರ್ನ್ ಕಾಲೇಜು ಎಂಬ ಶಾಲೆಯಲ್ಲಿ ಶಿಕ್ಷಕರ ಮಕ್ಕಳು ಶುಲ್ಕದ ಐದನೇ ಒಂದು ಭಾಗ ಮಾತ್ರ ಕಟ್ಟುತ್ತಿದ್ದರು. ಈ ಸೌಲಭ್ಯಕ್ಕೆ ತೆರಿಗೆ ಹೇಗೆ ಹಾಕಬೇಕೆಂಬ ವ್ಯಾಜ್ಯ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1992ರಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಆ ಮಕ್ಕಳು ಕೂತದ್ದು ಖಾಲಿ ಉಳಿಯಲಿದ್ದ ಸೀಟುಗಳಲ್ಲಿ, ಆದ್ದರಿಂದ ಶಾಲೆಗೆ ಹೆಚ್ಚುವರಿಯಾಗಿ ಬಿದ್ದ ಖರ್ಚಿನ ಮೇಲೆ ಮಾತ್ರ ತೆರಿಗೆ. ನಮಗೂ ಇದರಲ್ಲಿ ಒಂದು ಸುಳಿವಿದೆ. ಖಾಲಿ ಸೀಟಿಗೆ ಒಂದು ಮಗು ಸೇರಿದರೆ ಶಾಲೆಗೆ ತಗಲುವ ಖರ್ಚು ಕಡಿಮೆ. ತರಗತಿ ತುಂಬಿಲ್ಲ ಎಂದು ಗೊತ್ತಾದರೆ ಸಂಕೋಚಪಡದೆ ಕೇಳಿ.

ಸಿಬ್ಬಂದಿಗೆ ರಿಯಾಯಿತಿ ಕೊಡುವುದು ತಪ್ಪಲ್ಲ, ಸಂಬಳದ ಭಾಗದಂತೆ ಅದು. ಆದರೆ ಆಡಳಿತ ಮಂಡಳಿಯ ಸದಸ್ಯರೇ ಸಭೆಯಲ್ಲಿ ಕೂತು ತಮ್ಮ ನೆಂಟರ ಮಕ್ಕಳಿಗೆ ಮನ್ನಾ ಮಾಡಿಕೊಂಡರೆ ಆ ಹೊರೆ ಪೂರ್ತಿ ಶುಲ್ಕ ಕಟ್ಟುವವರ ಮೇಲೆ ಬೀಳುತ್ತದೆ. ದೂರು ಕೊಟ್ಟ ಪೋಷಕರ ರಿಯಾಯಿತಿ ಮಾತ್ರ ರದ್ದಾಗುವುದು, ಶಿಕ್ಷಕರ ಸಂಬಳ ಬಾಕಿ ಇಟ್ಟುಕೊಂಡು ಹೊಸ ಪ್ರವೇಶಕ್ಕೆ ಭಾರೀ ಕಡಿತ ಘೋಷಿಸುವುದು ಕೂಡ ಅಪಾಯದ ಸೂಚನೆಗಳೇ. ಹೆಸರಾಂತ ಶಾಲೆಯಾದ ಮಾತ್ರಕ್ಕೆ ನಂಬಬೇಕಿಲ್ಲ. ಬ್ರಿಟನ್ನಿನ 50 ಖಾಸಗಿ ಶಾಲೆಗಳು ಶುಲ್ಕ ಎಷ್ಟು ಏರಿಸಲಿದ್ದೇವೆ ಎಂಬುದನ್ನು ತಮ್ಮತಮ್ಮಲ್ಲೇ ಹಂಚಿಕೊಂಡಿದ್ದವು. ಅದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಅಲ್ಲಿನ ನಿಯಂತ್ರಣ ಸಂಸ್ಥೆ 2006ರಲ್ಲಿ ತೀರ್ಮಾನಿಸಿತು.

ಕೊನೆಗೆ ಒಂದು ಪತ್ರ

ಮುಖ್ಯೋಪಾಧ್ಯಾಯರ ಹೆಸರಿಗೆ ಅರ್ಧ ಪುಟ ಸಾಕು. ‘ನನ್ನ ಮಗುವಿಗೆ ಹೇಳಿರುವ ರಿಯಾಯಿತಿಯ ಪ್ರಮಾಣ, ಅನ್ವಯಿಸುವ ಶುಲ್ಕಗಳು, ಅವಧಿ, ರದ್ದಾಗುವ ಸಂದರ್ಭ ಮತ್ತು ಮಂಜೂರು ಮಾಡಿದವರ ಹುದ್ದೆಯನ್ನು ಲಿಖಿತವಾಗಿ ತಿಳಿಸಬೇಕು’ ಎಂದಷ್ಟೇ ಬರೆಯಿರಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಿ. ಉತ್ತರ ಬಂದ ಮೇಲೆ ಹಣ ಕಟ್ಟಿ. ರಸೀದಿಯಲ್ಲಿ ಪೂರ್ತಿ ಶುಲ್ಕ, ಕಳೆದ ರಿಯಾಯಿತಿ, ಕಟ್ಟಿದ ಮೊತ್ತ ಮೂರೂ ಬೇರೆಬೇರೆಯಾಗಿ ಇವೆಯೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ.