ಬೇಸ್ ಕೇಳಿಸಬೇಕು: ಲೈವ್ ಜಾಝ್ ರೆಕಾರ್ಡಿಂಗ್, ನನ್ನ ಅನುಭವ

ಮೊದಲ ಸಲ ಜಾಝ್ ಕಛೇರಿಯೊಂದನ್ನು ರೆಕಾರ್ಡ್ ಮಾಡಲು ಹೋದಾಗ ನನ್ನ ಗಮನವೆಲ್ಲ ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಮೇಲೇ ಇತ್ತು. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅವೆರಡೂ ಸೊಗಸಾಗಿ ಬಂದಿದ್ದವು. ನಿಂತು ನುಡಿಸುವ ದೊಡ್ಡ ತಂತಿವಾದ್ಯ ಡಬಲ್ ಬೇಸ್ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಓಡಾಡಿದ ಹಾಗಿತ್ತು. ಅದನ್ನು ನುಡಿಸಿದವರಿಗೆ ಫೈಲ್ ಕಳಿಸಲು ನನಗೆ ಮನಸ್ಸೇ ಬರಲಿಲ್ಲ.

ಆ ವಾರ ಹೆಸರಾಂತ ಮ್ಯಾಸಿ ಹಾಲ್ ಜಾಝ್ ಕಛೇರಿಯ ರೆಕಾರ್ಡಿಂಗ್ ಮತ್ತೆ ಹಾಕಿದೆ. 1953ರ ಮೇ 15, ಕೆನಡಾದ ಟೊರಾಂಟೊ. ಟ್ರಂಪೆಟ್ ಡಿಝಿ ಗಿಲೆಸ್ಪಿ, ಆಲ್ಟೊ ಸ್ಯಾಕ್ಸೋಫೋನ್ ಚಾರ್ಲಿ ಪಾರ್ಕರ್, ಪಿಯಾನೊ ಬಡ್ ಪವೆಲ್, ಡ್ರಮ್ಸ್ ಮ್ಯಾಕ್ಸ್ ರೋಚ್, ಬೇಸ್ ಚಾರ್ಲ್ಸ್ ಮಿಂಗಸ್. ಅದೇ ರಾತ್ರಿ ಮಾರ್ಸಿಯಾನೊ ಮತ್ತು ವಾಲ್ಕಾಟ್ ನಡುವೆ ಬಾಕ್ಸಿಂಗ್ ಪಂದ್ಯ ಇತ್ತು. ಹಾಲ್ ತುಂಬಲಿಲ್ಲ. ಪಾರ್ಕರ್ ಊದಿದ್ದು ಪ್ಲಾಸ್ಟಿಕ್ಕಿನ ಗ್ರಾಫ್ಟನ್ ಸ್ಯಾಕ್ಸೋಫೋನು. ಅದರಲ್ಲಿ ಅಂಥ ನಾದ! ಆದರೆ ಟೇಪಿನಲ್ಲಿ ಬೇಸ್ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಮಿಂಗಸ್ ಆಮೇಲೆ ನ್ಯೂಯಾರ್ಕಿನಲ್ಲಿ ತಮ್ಮ ಭಾಗವನ್ನು ಮತ್ತೆ ನುಡಿಸಿ ಸೇರಿಸಿದರು. ಅಂಥ ಐವರು ಕೂಡಿದ ಕಛೇರಿಯಲ್ಲೂ ಕಳೆದುಹೋಗಿದ್ದು ಬೇಸೇ ಅಲ್ವಾ! ಪಾರ್ಕರ್ ಅಷ್ಟು ಧೈರ್ಯವಾಗಿ ಹಾರುವುದು ಆ ಬೇಸ್ ಕೆಳಗಿದೆ ಅಂತಲೇ.

ಈಗ ನಾನು ಬೇಸ್‌ನಿಂದಲೇ ಶುರು ಮಾಡುತ್ತೇನೆ. ವಾದ್ಯಕ್ಕೆ ಅಂಟಿಸಿ ಅದರ ಕಂಪನ ಹಿಡಿಯುವ ಪಿಕಪ್‌ನಿಂದ, ಆ ಸಿಗ್ನಲನ್ನು ರೆಕಾರ್ಡಿಂಗಿಗೆ ಹೊಂದಿಸುವ ಡಿಐ ಬಾಕ್ಸ್ ಮೂಲಕ ಒಂದು ಲೈನ್, ವಾದ್ಯದ ಮುಂದೆ ಒಂದು ಮೈಕ್. ಲೈನಿಗೆ ಟ್ರಂಪೆಟ್ ಅಷ್ಟಾಗಿ ನುಸುಳುವುದಿಲ್ಲ. ಮರದ ಸದ್ದು ಬೇಕಾದರೆ ಮೈಕೇ ಆಗಬೇಕು. ಎರಡನ್ನೂ ಸೇರಿಸಿದಾಗ ಸದ್ದು ತೆಳ್ಳಗಾದರೆ ಒಂದರ ಫೇಸ್ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ ನೋಡುತ್ತೇನೆ. ಇನ್ನೊಂದು ವಿಷಯ, ಬೇಸ್ ಮೈಕಿನ ಬೆನ್ನು ಟ್ರಂಪೆಟ್ ಕಡೆಗಿರಬೇಕು. ಇದೊಂದರಿಂದಲೇ ನನಗೆ ಅರ್ಧ ಕೆಲಸ ಮುಗಿಯಿತು.

ಟ್ರಂಪೆಟ್‌ನ ಸದ್ದೆಲ್ಲ ಬೆಲ್‌ನಿಂದ, ಅಂದರೆ ತುದಿಯ ಅಗಲ ಬಾಯಿಯಿಂದ, ನೇರ ಮುಂದಕ್ಕೆ ನುಗ್ಗುತ್ತದೆ. ಮೈಕ್ ಎರಡಡಿ ದೂರದಲ್ಲಿ, ಸ್ವಲ್ಪ ಓರೆಯಾಗಿ ಇಟ್ಟರೆ ಸಾಕು. ಸ್ಯಾಕ್ಸೋಫೋನ್ ಹಾಗಲ್ಲ. ತೆರೆದ ತೂತುಗಳಿಂದಲೂ ಅದರ ಸ್ವರ ಹೊರಗೆ ಬರುತ್ತದೆ. ಬೆಲ್ ಒಳಗೆ ಮೈಕ್ ತುರುಕಿದರೆ ಕೆಳಗಿನ ಸ್ವರಗಳು ಜಾಸ್ತಿ ದಪ್ಪ, ಮೇಲಿನವು ಸೊರಗಿದ ಹಾಗೆ. ಒಂದಡಿ ದೂರದಿಂದ, ಬೆಲ್‌ಗೂ ಬೆರಳುಗಳಿಗೂ ನಡುವೆ ಗುರಿ ಇಡುತ್ತೇನೆ. ಆಗ ಕೀಲಿಗಳು ಮುಚ್ಚುವ ಸಣ್ಣ ಟಪ್ ಟಪ್ ಕೂಡ ಬರುತ್ತದೆ. ಅದನ್ನು ನಾನು ತೆಗೆಯುವುದಿಲ್ಲ.

ಕಛೇರಿಗೆ ಮೊದಲು ಸದ್ದು ಪರೀಕ್ಷಿಸುವ ಸೌಂಡ್‌ಚೆಕ್‌ನಲ್ಲಿ ಯಾರೂ ಪೂರ್ತಿ ಊದುವುದಿಲ್ಲ. ಜನ ಬಂದು ಕೂತ ಮೇಲೆ ಉಸಿರಿನ ಜೋರೇ ಬೇರೆ. ಅದಕ್ಕೆ ಸೌಂಡ್‌ಚೆಕ್‌ನ ಪೀಕ್, ಅಂದರೆ ಅತಿ ಜೋರಿನ ಸದ್ದು, ಮೀಟರಿನಲ್ಲಿ ಮೈನಸ್ 18 ಡಿಬಿ (ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ) ದಾಟದ ಹಾಗೆ ಗೇನ್, ಅಂದರೆ ಮೈಕಿನ ಸದ್ದು ಹೆಚ್ಚಿಸುವ ಮಟ್ಟ, ಇಡುತ್ತೇನೆ. ಸಣ್ಣ ಸದ್ದನ್ನೂ ಸ್ವಚ್ಛವಾಗಿ ಹಿಡಿಯುವ 24 ಬಿಟ್ ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಅಷ್ಟು ಕೆಳಗಿದ್ದರೂ ತೊಂದರೆ ಇಲ್ಲ.

ಹೋದ ತಿಂಗಳು ನಾನು ಮೊದಲ ಸಲ ರೆಕಾರ್ಡ್ ಮಾಡಿದ ತಂಡದ್ದೇ ಕಛೇರಿ ಇತ್ತು. ನಡುವೆ ಟ್ರಂಪೆಟ್, ಸ್ಯಾಕ್ಸೋಫೋನ್ ಎರಡೂ ನಿಂತವು. ಬೇಸ್ ಒಂದೇ. ದಪ್ಪ ತಂತಿಯ ಮೇಲೆ ಬೆರಳು ಜಾರಿದ ಸರ್ ಎನ್ನುವ ಸದ್ದೂ ಹೆಡ್‌ಫೋನಿನಲ್ಲಿ ಕೇಳಿಸಿತು. ಬೇಸ್ ನುಡಿಸಿದವರಿಗೆ ಫೈಲನ್ನು ಆ ರಾತ್ರಿಯೇ ಕಳಿಸಿದೆ.