ಬೊಕೆಟೆಯಲ್ಲಿ ಸುಮ್ಮನಿರುವ ದಿನ: ನನ್ನ ಅನುಭವ, ನನ್ನ ಲೆಕ್ಕ

ಪನಾಮಾದ ಬೊಕೆಟೆಗೆ ಹೋಗಿ ಬರೂ ಜ್ವಾಲಾಮುಖಿ ಹತ್ತದೆ, ಕಾಫಿ ತೋಟದ ಟೂರ್ ಬುಕ್ ಮಾಡದೆ, ಹಗ್ಗದ ಸೇತುವೆಗಳ ಕಡೆಗೂ ತಲೆ ಹಾಕದೆ ಒಂದು ಇಡೀ ದಿನ ಚೆನ್ನಾಗಿ ಕಳೆಯಬಹುದು ಎಂದರೆ ಪ್ರವಾಸದ ಗೆಳೆಯರು ನಗುತ್ತಿದ್ದರು. "ಸುಮ್ಮನೆ ಕೂತು ಬರೋದಕ್ಕೆ ಅಷ್ಟು ದೂರ ಯಾಕೆ, ಮಡಿಕೇರಿ ಸಾಲದಾ?" ಅನ್ನುವುದು ಅವರ ವಾದ. ಈಗ ಅವರೇ ನನ್ನ ವೇಳಾಪಟ್ಟಿ ಕೇಳಿ ಇಸಿದುಕೊಂಡು ಹೋಗುತ್ತಾರೆ. ಸುಮ್ಮನಿರುವ ದಿನಕ್ಕೂ ಲೆಕ್ಕಾಚಾರ ಬೇಕು, ಆ ಲೆಕ್ಕ ನಿಲ್ಲುವುದು ಮಳೆಯ ಮೇಲೆ.

ಊರು ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಕಾಲ್ದೆರಾ ನದಿಯ ಕಣಿವೆಯಲ್ಲಿ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಳೆಗಾಲ: ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಒಂದು ಎರಡರ ಹೊತ್ತಿಗೆ ಸುರಿಯಲು ಶುರು. ಇದು ಸುಲಭ, ಹನ್ನೆರಡರೊಳಗೆ ತಿರುಗಾಟ ಮುಗಿಸಿದರೆ ಆಯಿತು. ಹೆಚ್ಚಿನವರು ಎಡವುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬೇಸಿಗೆಯಲ್ಲಿ. ಆಗ ಕೆರಿಬಿಯನ್ ಕಡೆಯ ಗಾಳಿ ಬೆಟ್ಟದ ಸಾಲು ದಾಟಿ ನವಿರಾದ ತುಂತುರನ್ನು ಹೊತ್ತು ತರುತ್ತದೆ. ಅಲ್ಲಿಯವರು ಅದನ್ನು ಬಹರೇಕೆ ಅನ್ನುತ್ತಾರೆ. ಬಿಸಿಲೂ ಇರುತ್ತದೆ, ಕಾಮನಬಿಲ್ಲೂ ಬೀಳುತ್ತದೆ, ಅಂಗಿಯೂ ಒದ್ದೆಯಾಗುತ್ತದೆ. ಛತ್ರಿ ಕೆಲಸಕ್ಕೆ ಬಾರದು, ಗಾಳಿಗೆ ತಿರುಗಿ ಕಡ್ಡಿ ಮುರಿಯುತ್ತದೆ. ತೆಳುವಾದ ರೇನ್‌ಕೋಟ್ ಸಾಕು. ತುಂತುರು ಜಾಸ್ತಿಯಾದರೆ ಉತ್ತರದ ಬೆಟ್ಟದ ಕಡೆ ಹೋಗದೆ ದಕ್ಷಿಣಕ್ಕೆ, ದಾವಿದ್ ನಗರದ ರಸ್ತೆಯಲ್ಲಿ ಮೂರು ನಾಲ್ಕು ಕಿಲೋಮೀಟರ್ ಇಳಿದು ಆಲ್ತೊ ಬೊಕೆಟೆಗೆ ಹೋಗಿ. ಬಹಳ ಸಲ ಅಲ್ಲಿ ನೆಲ ಒಣಗಿರುತ್ತದೆ. ಇಷ್ಟು ತಿಳಿಯದೆ ಹೋಟೆಲ್ ಕಿಟಕಿಯಲ್ಲಿ ಮೋಡ ನೋಡುತ್ತಾ ದಿನ ಕಳೆಯುವವರು ಎಷ್ಟೋ.

ತಿಂಗಳು ಆರಿಸುವಾಗ ಜನವರಿಯ ಬಗ್ಗೆ ಎಚ್ಚರ. ನದಿ ದಂಡೆಯಲ್ಲಿ ಹೂವು ಮತ್ತು ಕಾಫಿಯ ಜಾತ್ರೆ ನಡೆಯುತ್ತದೆ. ಹೂವು ನೋಡಲು ಚಂದ, ಆದರೆ ರಾತ್ರಿ ಬಹು ಹೊತ್ತು ಧ್ವನಿವರ್ಧಕ, ಕೋಣೆಯ ಬಾಡಿಗೆಯೂ ಏರಿರುತ್ತದೆ. ವಿಶ್ರಾಂತಿಗೆ ಅದು ಹೇಳಿ ಮಾಡಿಸಿದ್ದಲ್ಲ.

ದುಡ್ಡಿನ ವಿಷಯ. ಪನಾಮಾದಲ್ಲಿ ನೋಟು ಅಮೆರಿಕದ ಡಾಲರೇ, ಅಲ್ಲಿನ ಸ್ವಂತ ಹಣ ಬಲ್ಬೋವಾ ಅದಕ್ಕೆ ಸರಿಸಮ, ನಾಣ್ಯ ಎರಡೂ ಬೆರೆತು ಓಡುತ್ತವೆ. ಚಿಕ್ಕ ಅಂಗಡಿಯಲ್ಲಿ 50, 100ರ ನೋಟು ಮುಟ್ಟುವುದಿಲ್ಲ. ಮುಟ್ಟಿದರೂ ಪಾಸ್‌ಪೋರ್ಟ್ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದುಂಟು. 1, 5, 10ರ ನೋಟು ಮೊದಲೇ ಮಾಡಿಸಿಕೊಳ್ಳಿ. ಎಟಿಎಂ ಪ್ರತಿ ಸಲಕ್ಕೂ ಐದಾರು ಡಾಲರ್ ಕೀಳುತ್ತದೆ, ಹಾಗಾಗಿ 20, 40 ಎಂದು ತೆಗೆಯುವುದು ದಡ್ಡತನ. ದಾವಿದ್‌ನಿಂದ ಬಸ್ಸಿಗೆ ನನ್ನ ನೆನಪಲ್ಲಿ ಎರಡು ಡಾಲರ್ ಒಳಗೆ, ಸುಮಾರು ಒಂದು ಗಂಟೆ, ಇಳಿಯುವಾಗ ಕೊಡುವುದು. ಟ್ಯಾಕ್ಸಿಯಾದರೆ ಅದರ ಹತ್ತು ಪಟ್ಟಿಗೂ ಮೇಲೆ.

ದಿನದ ಮುಖ್ಯ ಸೂತ್ರ ಒಂದೇ: ಹತ್ತುವುದು ಬಸ್ಸಿನಲ್ಲಿ, ಇಳಿಯುವುದು ಕಾಲಿನಲ್ಲಿ. ಪೇಟೆಯಿಂದ ಮೇಲೆ ಬಾಹೊ ಮೊನೊ ಎಂಬ ಜಾಗದ ಕಡೆ ಚಿಕ್ಕ ಬಸ್ಸುಗಳು ಹೋಗುತ್ತವೆ. ಬೆಳಿಗ್ಗೆ ಏಳೂವರೆಗೆ ಹತ್ತಿ, ಕೊನೆಯವರೆಗೆ ಹೋಗದೆ ನಡುವೆ ಇಳಿದು ಡಾಂಬರು ರಸ್ತೆಯಲ್ಲೇ ನಡೆದು ಬನ್ನಿ. ದಾರಿಯ ಪಕ್ಕ ಕಾಫಿ, ಈರುಳ್ಳಿ ಮಡಿ, ಲೊಸ್ ಲದ್ರಿಯೊಸ್ ಎಂಬ ಕಂಬ ಕಂಬವಾಗಿ ಸೀಳಿದ ಕಪ್ಪು ಬಸಾಲ್ಟ್ ಕಲ್ಲಿನ ಗೋಡೆ. ಕೊಯ್ಲಿನ ಕಾಲವಾದರೆ ಬಣ್ಣದ ಉದ್ದ ನಿಲುವಂಗಿ ತೊಟ್ಟ, ನೊಬೆ ಎಂಬ ಮೂಲನಿವಾಸಿ ಜನಾಂಗದ ಹೆಂಗಸರು ಹಣ್ಣು ಬಿಡಿಸುತ್ತಿರುತ್ತಾರೆ. ಫೋಟೊಗೆ ಮೊದಲು ಕೇಳಿ, ಬೇಡ ಅಂದರೆ ಸುಮ್ಮನೆ ಮುಂದೆ ನಡೆಯಿರಿ. ಎಲ್ಲಿ ಇಳಿಯಬೇಕು ಎಂದು ಹೇಳುವುದಿಲ್ಲ, ಆ ತಿರುವು ನನಗೇ ಇರಲಿ. ಎರಡು ಗಂಟೆ ಮೀರದಂತೆ ಜಾಗ ಆರಿಸಿ. ಮೂರು ಗಂಟೆ ಇಳಿಜಾರು ಇಳಿದರೆ ಮಾರನೆಯ ದಿನ ಮಂಡಿ ಮಾತಾಡುತ್ತದೆ, ವಿಶ್ರಾಂತಿಯ ಅರ್ಥವೇ ಹೋಯಿತು. ನದಿಗೆ ಇಳಿದು ಕಲ್ಲಿನ ಮೇಲೆ ಕೂರುವವರು ನೀರಿನ ಬಣ್ಣ ನೋಡುತ್ತಿರಬೇಕು. ಪೇಟೆಯಲ್ಲಿ ಬಿಸಿಲಿದ್ದರೂ ಮೇಲೆ ಸುರಿದರೆ ಕೆಂಪು ನೀರು ಬೇಗ ಬರುತ್ತದೆ.

ಇನ್ನೊಂದು, ಮನೆಗೆ ಫೋನ್ ಮಾಡುವುದು ಹೊರಡುವ ಮುಂಚೆಯೇ ಆಗಲಿ. ಭಾರತ ಹತ್ತೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ ಏಳಾದರೆ ಊರಲ್ಲಿ ಸಂಜೆ ಐದೂವರೆ, ಅಮ್ಮ ಕಾಫಿ ಕುಡಿಯುವ ಹೊತ್ತು. ಸಂಜೆಗೆ ಬಿಟ್ಟರೆ ಮನೆಯವರ ನಿದ್ದೆಗೆಡಿಸಬೇಕಾಗುತ್ತದೆ.

ಊಟಕ್ಕೆ ಹನ್ನೊಂದೂವರೆಗೇ ಫೊಂಡಾ, ಅಂದರೆ ಅಲ್ಲಿನ ಮೆಸ್ಸು. ತಟ್ಟೆ ನಾಲ್ಕೈದು ಡಾಲರ್. ಹನ್ನೆರಡೂವರೆ ದಾಟಿದರೆ ಒಳ್ಳೆಯದೆಲ್ಲ ಖಾಲಿ. ಸಸ್ಯಾಹಾರಿಗಳು "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಕೋಳಿ ಬಂದು ಕೂರುತ್ತದೆ. ಗಾಜಿನ ಹಿಂದೆ ಇಟ್ಟಿರುವುದನ್ನು ಬೆರಳಲ್ಲಿ ತೋರಿಸಿ ಒಂದೊಂದಾಗಿ ಹಾಕಿಸಿಕೊಳ್ಳಿ: ಅನ್ನ, ಕಾಳಿನ ಸಾರು, ಪತಕೋನೆಸ್ ಎಂಬ ಚಪ್ಪಟೆ ಕರಿದ ಬಾಳೆಕಾಯಿ, ಸಲಾಡ್, ಬೇಕಿದ್ದರೆ ಮೊಟ್ಟೆ. ಕಾಳಿನಲ್ಲಿ ಹಂದಿಯ ತುಂಡು ಬೇಯಿಸಿರುವುದುಂಟು, ಅದನ್ನು ಬಿಡದೆ ವಿಚಾರಿಸಬೇಕು. ಬೆಳಗಿನ ತಿಂಡಿಗೆ ಒಹಾಲ್ದ್ರೆ ಇದೆ, ಮೈದಾ ಹಿಟ್ಟಿನ ದಪ್ಪ ಪೂರಿಯಂಥದ್ದು. ಎರಡು ತಿಂದರೆ ನಡೆಯಲು ಮನಸ್ಸು ಬರುವುದಿಲ್ಲ, ಒಂದಕ್ಕೆ ನಿಲ್ಲಿಸಿ. ಉಪ್ಪಿನಕಾಯಿ ಪೊಟ್ಟಣ ಜೇಬಲ್ಲಿರಲಿ.

ಈಗ ಕಾಫಿ. ಬೊಕೆಟೆಗೆ ಹೆಸರು ತಂದದ್ದು ಗೇಶಾ ಎಂಬ ಕಾಫಿ ತಳಿ. ಇಥಿಯೋಪಿಯಾದ ಬೀಜ, ತಾಂಜಾನಿಯಾ, ಕೋಸ್ಟರಿಕಾ ಸುತ್ತಿ ಇಲ್ಲಿ ಬೇರೂರಿತು. 2004ರಲ್ಲಿ ಎಸ್ಮೆರಾಲ್ಡಾ ತೋಟದ್ದು ಪನಾಮಾದ ಸ್ಪರ್ಧೆ ಗೆದ್ದು ಪೌಂಡಿಗೆ 21 ಡಾಲರ್‌ಗೆ ಹರಾಜಾಯಿತು. 2019ಕ್ಕೆ ಇನ್ನೊಂದು ತೋಟದ ಗೇಶಾ ಪೌಂಡಿಗೆ 1,029 ಮುಟ್ಟಿತು. ಪೇಟೆಯಲ್ಲಿ ಒಂದು ಕಪ್ ಏಳರಿಂದ ಹನ್ನೆರಡು ಡಾಲರ್. ಇಬ್ಬರಿದ್ದರೆ ಒಂದೇ ತರಿಸಿ, ಎರಡು ಖಾಲಿ ಕಪ್ ಕೇಳಿ. ಯಾರೂ ಮುಖ ಸಿಂಡರಿಸುವುದಿಲ್ಲ. ಹಾಲು, ಸಕ್ಕರೆ ಬೇಡ. ನಮ್ಮ ತೋಟಗಳ ಎಸ್. 795 ತಳಿಯ ಕಾಫಿ ಕುಡಿದು ಬೆಳೆದ ನಾಲಿಗೆಗೆ ಮೊದಲ ಗುಟುಕು ಚಹಾ ಅನ್ನಿಸುತ್ತದೆ, ಉಗುರುಬೆಚ್ಚಗಾದ ಮೇಲೆಯೇ ಮಲ್ಲಿಗೆಯ ವಾಸನೆ ಏಳುವುದು. ಬಿಸಿಬಿಸಿಯಾಗಿ ಸುರಿದುಕೊಂಡವರು "ಇಷ್ಟಕ್ಕೆ ಹತ್ತು ಡಾಲರಾ" ಎಂದು ಎದ್ದು ಹೋಗುತ್ತಾರೆ. ಮಧ್ಯಾಹ್ನ ಮೂರರೊಳಗೆ ಕುಡಿದು ಮುಗಿಸಿ, ಇಲ್ಲದಿದ್ದರೆ ರಾತ್ರಿ ಜಾಗರಣೆ.

ಫಿಲ್ಟರ್ ಕಾಫಿ ಬಿಟ್ಟಿರಲಾರದವರಿಗೆ ನನ್ನ ಪ್ರಯೋಗ. ಸ್ಟೀಲ್ ಫಿಲ್ಟರ್ ಒಯ್ಯಿರಿ, ಊರಿನ ಕರೆಂಟ್ ಕೆಟಲ್ ಮಾತ್ರ ಬೇಡ. ಅಲ್ಲಿ ಕರೆಂಟು 120 ವೋಲ್ಟ್. ಅಡಾಪ್ಟರ್ ಪಿನ್ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ನಮ್ಮ 230 ವೋಲ್ಟಿನ 600 ವಾಟ್ ಕೆಟಲ್ ಅಲ್ಲಿ 160 ವಾಟಿಗೆ ಇಳಿಯುತ್ತದೆ, ಅರ್ಧ ಲೀಟರ್ ಕುದಿಯಲು ಇಪ್ಪತ್ತು ನಿಮಿಷದ ಮೇಲಾಗುತ್ತದೆ. ಹಾಸ್ಟೆಲ್ ಅಡುಗೆಮನೆಯ ಗ್ಯಾಸೇ ವಾಸಿ. ಆ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುವುದರಿಂದ ಆರಲು ಬಿಡದೆ ನೇರ ಸುರಿಯಬಹುದು. ಸೂಪರ್ ಮಾರ್ಕೆಟ್ಟಿನ ದುರಾನ್ ಪುಡಿಯಲ್ಲಿ ಚಿಕೋರಿ ಇಲ್ಲ, ಆದ್ದರಿಂದ ಡಿಕಾಕ್ಷನ್ ಸರ್ರನೆ ಇಳಿದು ತೆಳ್ಳಗಾಗುತ್ತದೆ. ನಾಲ್ಕು ದೊಡ್ಡ ಚಮಚ ಪುಡಿಗೆ 120 ಮಿಲಿ ನೀರು ಹಾಕಿ, ಒತ್ತುಬಿಲ್ಲೆ ಗಟ್ಟಿಯಾಗಿ ಒತ್ತಿ, ಮೊದಲು ಪುಡಿ ನೆನೆಯುವಷ್ಟು ಸುರಿದು ಎರಡು ನಿಮಿಷ ಬಿಟ್ಟು ಉಳಿದದ್ದು. ಹಾಲಿಗೆ ಬೆರೆಸುವ ಇನ್ನೊಂದು ವಸ್ತು ಇದೆ, ಅದು ಗುಟ್ಟು.

ಮಳೆ ಸುರಿಯುವ ಮಧ್ಯಾಹ್ನಕ್ಕೆ ಪೇಟೆಯ ಗ್ರಂಥಾಲಯ ಒಳ್ಳೆಯ ಜಾಗ. ಮಂಗಳವಾರವಾದರೆ ಬೆಳಿಗ್ಗೆ ಸೇತುವೆಯ ಬಳಿ ಸಂತೆ ಸೇರುತ್ತದೆ. ತರಕಾರಿಗಿಂತ ಬ್ರೆಡ್ಡು, ಜಾಮು ಜಾಸ್ತಿ, ಬೆಲೆಯೂ ನಿವೃತ್ತ ಅಮೆರಿಕನ್ನರ ಜೇಬಿಗೆ ತಕ್ಕಂತೆ.

ಕೋಣೆ ಬಿಟ್ಟು ಒಬ್ಬರಿಗೆ ಎಲ್ಲ ಸೇರಿ ಇಪ್ಪತ್ತರಿಂದ ಇಪ್ಪತ್ತೈದು ಡಾಲರ್‌ನಲ್ಲಿ ದಿನ ಮುಗಿಯುತ್ತದೆ. ಕೋಣೆ ಹಿಡಿಯುವಾಗ ಹಿಂಬದಿಯದೇ ಕೇಳಿ. ಸೂರ್ಯೋದಯಕ್ಕೆಂದು ಬರೂ ಹತ್ತುವ ಗುಂಪುಗಳು ನಡುರಾತ್ರಿಗೇ ಹೊರಡುತ್ತವೆ, ಮುಂಬದಿಯವರಿಗೆ ಜೀಪಿನ ಸದ್ದು ಕಟ್ಟಿಟ್ಟದ್ದು. ಎಸಿ ಕೋಣೆಗೆ ಹೆಚ್ಚು ಕೊಡಬೇಡಿ, ರಾತ್ರಿ ಕಂಬಳಿ ಬೇಕಾಗುತ್ತದೆ. ಬಟ್ಟೆ ಒಗೆಯುವುದಿದ್ದರೆ ಬೆಳಿಗ್ಗೆಯೇ ಒಗೆದು ಹರವಿ ಹೊರಡಿ. ಸಂಜೆ ಒಗೆದದ್ದು ಬಹರೇಕೆಯ ಕಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ.