ಘಟ್ಟದ ಮಳೆಯಲ್ಲಿ ಹಳೆಯ ಬ್ರಿಟಿಷ್ ಟ್ರಯಲ್ಸ್ ಬೈಕು: ಆರೈಕೆ, ಸವಾರಿ ಮತ್ತು ಸೈಡ್‌ಕಾರ್ ಜೋಡಣೆ

ಟ್ರಯಲ್ಸ್ ಎಂಬ ಮೋಟಾರ್‌ಸೈಕಲ್ ಕ್ರೀಡೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಕಲ್ಲು, ಕೆಸರು, ಏರು, ಹಳ್ಳ ಇರುವ ಒಂದು ಚಿಕ್ಕ ದಾರಿಯನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು; ಒಮ್ಮೆ ಕಾಲೂರಿದರೆ ಒಂದು ದಂಡಾಂಕ, ಎರಡು ಸಲಕ್ಕೆ ಎರಡು, ಅದಕ್ಕಿಂತ ಹೆಚ್ಚು ಎಷ್ಟು ಸಲ ಊರಿದರೂ ಮೂರು, ದಾರಿಯನ್ನು ಮುಗಿಸಲಾಗದಿದ್ದರೆ ಐದು. ಕಡಿಮೆ ದಂಡಾಂಕ ಪಡೆದವರೇ ಗೆದ್ದವರು. ಆದ್ದರಿಂದ ಇಂಥ ಬೈಕನ್ನು ಸಾಕುವವರು ಮಾಡುವ ಪ್ರತಿಯೊಂದು ರಿಪೇರಿಯೂ ಅದು ನಡಿಗೆಯ ವೇಗದಲ್ಲಿ ತಡವರಿಸದೆ ಓಡಲೆಂಬ ಒಂದೇ ಉದ್ದೇಶಕ್ಕೆ ಇರಬೇಕು. ಶಿರಸಿ, ಸಿದ್ದಾಪುರದ ಕಡೆ ತೋಟದಿಂದ ಮನೆಗೆ ಏರುವ ದಾರಿಯಲ್ಲಿ ಅಡಿಕೆ ಕೊನೆ ಹೇರಿಕೊಂಡು ಮೊದಲ ಗೇರಿನಲ್ಲಿ ಬೈಕು ಹತ್ತಿಸುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಏರಿಯಲ್ ಎಚ್‌ಟಿ5, ಎಜೆಎಸ್ 16ಸಿ, ಟ್ರಯಂಫ್ ಟ್ರೋಫಿಯಂಥ ಬೈಕುಗಳನ್ನು ಹುಡುಕಿ ತಂದವರು ನಮ್ಮಲ್ಲಿ ಅಪರೂಪವಾದರೂ ರಾಯಲ್ ಎನ್‌ಫೀಲ್ಡ್ ಬುಲೆಟ್ ಊರೂರಿನಲ್ಲಿ ಇದೆ, ಮತ್ತು ಅದರ ಮೂಲವೂ ಟ್ರಯಲ್ಸ್ ಕಣವೇ. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ತಯಾರಾದ 350ರ ಮಾದರಿಯು 1948ರಲ್ಲಿ ಮೊದಲು ಕಾಣಿಸಿಕೊಂಡದ್ದು ಒಂದು ಟ್ರಯಲ್ಸ್ ಸ್ಪರ್ಧೆಯಲ್ಲಿ. ಹಿಂದಿನ ಚಕ್ರಕ್ಕೆ ಸಸ್ಪೆನ್ಶನ್ ಕೊಟ್ಟರೆ ಕಲ್ಲುದಾರಿಯಲ್ಲಿ ಹಿಡಿತ ತಪ್ಪುತ್ತದೆಂದು ಅಂದಿನ ಹಲವು ಸವಾರರು ನಂಬಿದ್ದರು. ಹಿಂಚಕ್ರವನ್ನು ಏರಿಳಿಯಲು ಬಿಡುವ ಸ್ವಿಂಗಿಂಗ್ ಆರ್ಮ್ ಇದ್ದ ಬುಲೆಟ್ ಆ ನಂಬಿಕೆಯನ್ನು ಸುಳ್ಳು ಮಾಡಿತು. ಜಾನಿ ಬ್ರಿಟನ್ ಎಂಬ ಸವಾರ ರಾಯಲ್ ಎನ್‌ಫೀಲ್ಡ್ ಮೇಲೆ 1952 ಮತ್ತು 1957ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ ಸ್ಪರ್ಧೆಯನ್ನು ಗೆದ್ದನು. 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್‌ನ ಆ 346 ಸಿಸಿ ಇಂಜಿನ್ನೇ ಮುಂದೆ ಮದರಾಸಿನಲ್ಲಿ ದಶಕಗಳ ಕಾಲ ತಯಾರಾಯಿತು. ಹೀಗಾಗಿ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿರುವ ಹಳೆಯ ಬುಲೆಟ್‌ನಿಂದ ಈ ವಿದ್ಯೆಯನ್ನು ಆರಂಭಿಸುವುದರಲ್ಲಿ ಯಾವ ಕೊರತೆಯೂ ಇಲ್ಲ.

ಕೆಲಸಕ್ಕೆ ಕೈಹಾಕುವ ಮುನ್ನ ಸ್ಪ್ಯಾನರ್‌ಗಳನ್ನು ಸರಿಯಾಗಿ ಹೊಂದಿಸಿಕೊಳ್ಳಬೇಕು. ಹಳೆಯ ಬ್ರಿಟಿಷ್ ಬೈಕುಗಳ ನಟ್ಟುಗಳು ವ್ಹಿಟ್‌ವರ್ತ್ ಅಳತೆಯವು, ಮತ್ತು ಆ ಸ್ಪ್ಯಾನರ್ ಮೇಲೆ ಬರೆದಿರುವ ಸಂಖ್ಯೆ ಬೋಲ್ಟಿನ ದಪ್ಪದ್ದೇ ಹೊರತು ನಟ್ಟಿನ ಅಗಲದ್ದಲ್ಲ. ಕಾಲಿಂಚು ಎಂದು ಬರೆದ ಸ್ಪ್ಯಾನರಿನ ಬಾಯಿ ಸುಮಾರು 13.3 ಮಿ.ಮೀ. ಇರುತ್ತದೆ, ಆ ನಟ್ಟಿಗೆ 13ರ ಸ್ಪ್ಯಾನರ್ ಹೊಗುವುದಿಲ್ಲ, 14ರದ್ದು ಹಾಕಿ ಒತ್ತಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಮದರಾಸಿನ ಬುಲೆಟ್‌ಗಳಲ್ಲಿ ವ್ಹಿಟ್‌ವರ್ತ್ ಮತ್ತು ಮಿ.ಮೀ. ಎರಡೂ ಬಗೆಯ ಅಳತೆ ಬೆರೆತಿರುವುದರಿಂದ ಯಾವ ನಟ್ಟಿಗೆ ಯಾವುದು ಸರಿಹೊಂದುತ್ತದೆಂದು ಮೊದಲ ಬಾರಿ ಬಿಚ್ಚುವಾಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಬೈಕಿಗೆ ಮುಖ್ಯ ಶತ್ರು ನೀರು. ಘಟ್ಟದ ಮೇಲೆ ತಿಂಗಳುಗಟ್ಟಲೆ ಬಿಡದ ಮಳೆಯ ತೇವ, ಕಾರವಾರ, ಅಂಕೋಲಾದ ಕರಾವಳಿಯಲ್ಲಿ ಉಪ್ಪಿನ ಗಾಳಿ. ಈ ತೇವ ಮೊದಲು ಕಾಡುವುದು ಬ್ಯಾಟರಿಯಿಲ್ಲದೆ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊವನ್ನು. ಲೂಕಾಸ್ ಮ್ಯಾಗ್ನೆಟೊ ಒಳಗಿನ ತಂತಿಯ ಸುರುಳಿಗೆ ಅರಗಿನ ಲೇಪವಿರುತ್ತದೆ. ವಯಸ್ಸಾದಂತೆ ಅದು ತೇವ ಹೀರಿ, ಬಿಸಿಯಾದಾಗ ಮೆತ್ತಗಾಗಿ, ಕಿಡಿಯನ್ನು ಒಳಗೇ ಸೋರಿಬಿಡುತ್ತದೆ. ತಣ್ಣಗಿರುವಾಗ ಒಂದೇ ಕಿಕ್ಕಿಗೆ ಶುರುವಾಗುವ ಇಂಜಿನ್, ಬಿಸಿಯಾಗಿ ನಿಂತ ಮೇಲೆ ಎಷ್ಟು ಒದ್ದರೂ ಏಳದಿದ್ದರೆ ಮೊದಲ ಅನುಮಾನವನ್ನು ಕಾರ್ಬೊರೇಟರ್ ಮೇಲೆ ಪಡದೆ ಈ ಸುರುಳಿ ಮತ್ತು ಕಂಡೆನ್ಸರ್ ಮೇಲೆ ಪಡಬೇಕು. ಮ್ಯಾಗ್ನೆಟೊವನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವ ಉಪಾಯ ಕೆಲಕಾಲ ಗುಣ ಕಂಡಂತೆ ತೋರಿದರೂ ಆ ಶಾಖವೇ ಅರಗನ್ನು ಇನ್ನಷ್ಟು ಕೆಡಿಸುತ್ತದೆ. ಅಂಥ ಹಂತ ತಲುಪಿದ ಮ್ಯಾಗ್ನೆಟೊಗೆ ಹೊಸ ಸುರುಳಿ ಸುತ್ತಿಸುವುದೊಂದೇ ಪರಿಹಾರ.

ಅಷ್ಟು ಕೆಟ್ಟಿರದ ಮ್ಯಾಗ್ನೆಟೊಗೆ ಮಳೆಗಾಲಕ್ಕೆ ಮುನ್ನ ಮಾಡುವ ಆರೈಕೆ ಕಷ್ಟದ್ದಲ್ಲ. ಪ್ಲಗ್ಗಿನ ವಯರು ಬಂದು ಸೇರುವ ಪಿಕಪ್ ಹೋಲ್ಡರ್ ಬಿಚ್ಚಿದರೆ ಒಳಗೆ ತಿರುಗುವ ಉಂಗುರವೊಂದು ಕಾಣುತ್ತದೆ. ಕಾರ್ಬನ್ ಬ್ರಶ್ ಸವೆದ ಕಪ್ಪು ಪುಡಿ ಅದರ ಮೇಲೆ ಕೂತು ತೇವ ಹಿಡಿದರೆ ಕಿಡಿಗೆ ಕಳ್ಳದಾರಿ ಸಿಕ್ಕಂತಾಗುತ್ತದೆ. ಪೆನ್ಸಿಲಿನ ತುದಿಗೆ ಬಟ್ಟೆ ಸುತ್ತಿ, ಒಂದೆರಡು ಹನಿ ಪೆಟ್ರೋಲು ಹಾಕಿ, ಆ ಉಂಗುರಕ್ಕೆ ಒತ್ತಿ ಹಿಡಿದುಕೊಂಡು, ಪ್ಲಗ್ ಬಿಚ್ಚಿದ ಇಂಜಿನನ್ನು ಇನ್ನೊಬ್ಬರಿಂದ ನಿಧಾನವಾಗಿ ತಿರುಗಿಸಿದರೆ ಬಟ್ಟೆ ಮಸಿಯಂತೆ ಕಪ್ಪಾಗಿ ಹೊರಬರುತ್ತದೆ. ಬಟ್ಟೆ ಬೆಳ್ಳಗೆ ಬರುವ ತನಕ ಹೀಗೆ ಮಾಡಿ, ಒಳಗಿನ ಪೆಟ್ರೋಲು ಪೂರ್ತಿ ಆರಲು ಬಿಟ್ಟು, ಆಮೇಲಷ್ಟೇ ಹೋಲ್ಡರ್ ಕೂರಿಸಬೇಕು. ತೆರೆದು ಮುಚ್ಚುತ್ತ ಕಿಡಿ ಹುಟ್ಟಿಸುವ ಪಾಯಿಂಟ್‌ಗಳ ಅಂತರ ಮ್ಯಾಗ್ನೆಟೊಗೆ 0.30 ಮಿ.ಮೀ., ಅದರ ಬದಲು ಬ್ಯಾಟರಿ, ಕಾಯಿಲ್ ಇರುವ ಬುಲೆಟ್‌ಗೆ 0.35ರಿಂದ 0.40 ಮಿ.ಮೀ. ಇದ್ದರೆ ಸರಿ. ಹೊರಗಿನಿಂದ ಮಳೆ ಹೊಡೆಯದಂತೆ ಹಳೆಯ ಟ್ಯೂಬಿನ ತುಂಡನ್ನು ಮ್ಯಾಗ್ನೆಟೊ ಮೇಲೆ ಕಟ್ಟಬಹುದು, ಆದರೆ ಕೆಳಭಾಗವನ್ನು ತೆರೆದೇ ಬಿಡಬೇಕು. ಎಲ್ಲ ಕಡೆ ಬಿಗಿದು ಮುಚ್ಚಿದರೆ ಒಳಗಿನ ಬಿಸಿಗಾಳಿ ತಣಿದು ಅಲ್ಲೇ ನೀರಾಗುತ್ತದೆ.

ಪೆಟ್ರೋಲಿನ ವಿಷಯದಲ್ಲೂ ಈಗ ಹಿಂದಿಗಿಂತ ಹೆಚ್ಚು ಎಚ್ಚರ ಬೇಕು. ಬಂಕಿನಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಒಳಗೆ ಹಿಂದೆ ಹಚ್ಚಿದ್ದ ಲೇಪವನ್ನು ಕರಗಿಸುತ್ತದೆ. ವಾರಗಟ್ಟಲೆ ನಿಂತ ಬೈಕಿನ ಅಮಲ್ ಕಂಪನಿಯ ಕಾರ್ಬೊರೇಟರ್ ಬಿಚ್ಚಿದರೆ ತಳದಲ್ಲಿ ಸುಣ್ಣದಂಥ ಬಿಳಿ ಪುಡಿ ಸಿಗುತ್ತದೆ. ನಿಧಾನದ ಓಟಕ್ಕೆ ಪೆಟ್ರೋಲು ಕೊಡುವ ಪೈಲಟ್ ಜೆಟ್ಟಿನ ಸಣ್ಣ ತೂತನ್ನು ಮುಚ್ಚುವುದು ಇದೇ. ಬೈಕನ್ನು ನಿಲ್ಲಿಸುವಾಗ ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವ ರೂಢಿ ಮಾಡಿಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಟ್ರಯಲ್ಸ್ ಬೈಕಿಗೆ ಪೈಲಟ್ ಜೆಟ್ಟೇ ಜೀವಾಳ, ಏಕೆಂದರೆ ಸವಾರಿಯ ಬಹುಭಾಗ ನಡೆಯುವುದು ಅದರ ಮೇಲೆಯೇ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಲೋ (ನಿಂತಲ್ಲಿನ ಓಟದ ವೇಗ) ಕಡಿಮೆ ಮಾಡಿ, ಕಾರ್ಬೊರೇಟರಿನ ಏರ್ ಸ್ಕ್ರೂವನ್ನು ಹೊರಕ್ಕೆ ತಿರುಗಿಸುತ್ತ ಬಡಿತ ತಪ್ಪುವ ಜಾಗ ಗುರುತಿಸಿಕೊಂಡು, ಅಲ್ಲಿಂದ ಬಡಿತ ಒಂದೇ ಸಮನಾಗುವವರೆಗೆ ನಿಧಾನವಾಗಿ ಒಳಕ್ಕೆ ತಿರುಗಿಸಬೇಕು. ಎಷ್ಟು ತಿರುಗಿಸಿದರೂ ಸಮನಾಗದಿದ್ದರೆ ಸ್ಲೈಡ್ ಸವೆದಿದೆ, ಇಲ್ಲವೇ ಕಾರ್ಬೊರೇಟರ್ ಮತ್ತು ಹೆಡ್ಡಿನ ನಡುವೆ ಗಾಳಿ ನುಗ್ಗುತ್ತಿದೆ.

ಕೆಲವು ದಿನ ನಿಂತ ಬೈಕನ್ನು ಶುರು ಮಾಡಿದಾಗ ಸೈಲೆನ್ಸರಿನಿಂದ ದಟ್ಟ ಹೊಗೆ ಬಂದರೆ ಗಾಬರಿ ಬೇಡ. ಟ್ಯಾಂಕಿನ ಆಯಿಲು ಪಂಪಿನ ಸಂದಿನಿಂದ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಅದಕ್ಕೇ ಆಯಿಲಿನ ಮಟ್ಟವನ್ನು ಇಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ನೋಡಬೇಕು. ಮೊದಲೇ ನೋಡಿ ಕಡಿಮೆಯಿದೆಯೆಂದು ಸುರಿದರೆ ಹೆಚ್ಚಾದ ಆಯಿಲು ಬ್ರೀದರ್‌ನಿಂದ ಹೊರಚೆಲ್ಲುತ್ತದೆ. ಕ್ಲಚ್ ಪ್ಲೇಟುಗಳು ತೇವಕ್ಕೆ ಅಂಟಿಕೊಳ್ಳುವುದರಿಂದ ಶುರು ಮಾಡುವ ಮುನ್ನ ಕ್ಲಚ್ ಹಿಡಿದು ನಾಲ್ಕಾರು ಸಲ ಕಿಕ್ಕರ್ ಒತ್ತಿ ಬಿಡಿಸಿಕೊಳ್ಳಬೇಕು. ಕ್ಲಚ್ಚಿನ ಮುಚ್ಚಳ ತೆಗೆದು ಲಿವರ್ ಎಳೆದು ನೋಡಿದಾಗ ಹೊರಗಿನ ಪ್ಲೇಟು ಓರೆಯಾಗಿ ಏಳುತ್ತಿದ್ದರೆ ಸ್ಪ್ರಿಂಗಿನ ಸ್ಕ್ರೂಗಳನ್ನು ಒಂದೊಂದಾಗಿ ಹೊಂದಿಸಬೇಕು. ಪೂರ್ತಿ ಬಿಡದ ಕ್ಲಚ್ ಇಟ್ಟುಕೊಂಡು ನಿಧಾನದ ಸವಾರಿ ಮಾಡಲಾಗದು.

ಅಭ್ಯಾಸಕ್ಕೆ ಜಾಗ ಆರಿಸುವಾಗ ಒಂದು ವಿಷಯ ಸ್ಪಷ್ಟವಿರಲಿ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು ಮಾತ್ರ, ನೆಲ ಅರಣ್ಯ ಇಲಾಖೆಯದ್ದು. ಅಲ್ಲಿಯೂ, ಜೋಯಿಡಾ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿಯೂ ಬೈಕು ಹೊಗಿಸಕೂಡದು. ಮಾಲ್ಕಿ ಜಮೀನಿನ ಏರುದಾರಿ, ಕೊಯ್ಲು ಮುಗಿದ ಗದ್ದೆ, ಪಾಳುಬಿದ್ದ ಸ್ವಂತ ಚಿರೆಕಲ್ಲು ಕ್ವಾರಿ ಸಾಕು. ಸಮುದ್ರದಂಡೆಯ ಒದ್ದೆ ಮರಳು ಎಷ್ಟು ಕರೆದರೂ ಹೋಗದಿರುವುದೇ ಲೇಸು, ಏಕೆಂದರೆ ಚಕ್ರದ ಕಡ್ಡಿ (ಸ್ಪೋಕ್) ಮತ್ತು ನಿಪ್ಪಲ್ ಸೇರುವ ಸಂದಿಗೆ ಹೊಕ್ಕ ಉಪ್ಪುನೀರು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಅಡಿಕೆ ದಬ್ಬೆ ಸೀಳಿ ಗೂಟ ನೆಟ್ಟು ದಾರಿ ಗುರುತು ಮಾಡಿ. ಪಾದದ ಮುಂಭಾಗವನ್ನು ಫುಟ್‌ರೆಸ್ಟ್ ಮೇಲಿಟ್ಟು, ಮಂಡಿಯನ್ನು ಸ್ವಲ್ಪ ಬಗ್ಗಿಸಿ ನಿಲ್ಲಬೇಕು, ದೃಷ್ಟಿ ಮುಂದಿನ ಚಕ್ರದ ಮೇಲಲ್ಲದೆ ಮುಂದಿನ ಗೂಟದ ಮೇಲಿರಬೇಕು. ತಿರುವಿನಲ್ಲಿ ಬೈಕು ಒಳಕ್ಕೆ ವಾಲಲಿ, ಮೈ ಹೊರಕ್ಕಿರಲಿ, ಭಾರ ಹೊರಗಿನ ಫುಟ್‌ರೆಸ್ಟ್ ಮೇಲೆ ಬೀಳಲಿ. ಏರು ಹತ್ತುವಾಗ ಬೇಕಾದ ವೇಗವನ್ನು ಬುಡದಲ್ಲೇ ಪಡೆದು, ನಡುವೆ ಎಕ್ಸಿಲರೇಟರ್ ತಿರುವದೆ, ಭಾರವಾದ ಫ್ಲೈವೀಲಿನ ಓಟಕ್ಕೆ ಇಂಜಿನನ್ನು ಒಪ್ಪಿಸಿಬಿಡುವುದು ಹಳೆಯ ಫೋರ್‌ಸ್ಟ್ರೋಕ್ ಬೈಕಿನ ಸರಿಯಾದ ಕ್ರಮ. ಜಾಸ್ತಿ ಕೊಟ್ಟಷ್ಟೂ ಚಕ್ರ ನಿಂತಲ್ಲೇ ತಿರುಗುತ್ತದೆ. ನಮ್ಮ ನೆಲದಲ್ಲಿ ಅತ್ಯಂತ ಅಪಾಯದ್ದು ಕಲ್ಲೂ ಅಲ್ಲ, ಕೆಸರೂ ಅಲ್ಲ, ದರಕಿನ ಕೆಳಗೆ ಅಡಗಿದ ಒದ್ದೆ ಅಡಿಕೆ ಹಾಳೆ. ಅದರ ಮೇಲೆ ಚಕ್ರ ಬಂದರೆ ಹಾಳೆಯೇ ನೆಲದ ಮೇಲೆ ಜಾರುವುದರಿಂದ ಟೈರು ಎಷ್ಟು ಒಳ್ಳೆಯದಿದ್ದರೂ ಉಪಯೋಗವಿಲ್ಲ. ದಾರಿಯನ್ನು ಮೊದಲು ನಡೆದು ನೋಡಿ ಹಾಳೆಗಳನ್ನು ಹೆಕ್ಕಿ ತೆಗೆಯಬೇಕು. ಟೈರಿನ ಗಾಳಿಯನ್ನು ತೀರ ಇಳಿಸುವವರು ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ಸೆಕ್ಯುರಿಟಿ ಬೋಲ್ಟ್ ಹಾಕಿರಲೇಬೇಕು, ಇಲ್ಲದಿದ್ದರೆ ಟೈರು ರಿಮ್ಮಿನ ಮೇಲೆ ಜರುಗಿ ಟ್ಯೂಬಿನ ವಾಲ್ವು ಕಿತ್ತು ಬರುತ್ತದೆ. ರಸ್ತೆಗೆ ಇಳಿಯುವ ಮುನ್ನ ಗಾಳಿ ತುಂಬಬೇಕು.

ಇನ್ನು ಬೈಕಿನ ಪಕ್ಕಕ್ಕೆ ಜೋಡಿಸುವ ಒಂದೇ ಚಕ್ರದ ಗಾಡಿಯಾದ ಸೈಡ್‌ಕಾರ್. ನಮ್ಮಲ್ಲಿ ಅದು ಬೈಕಿನ ಎಡಕ್ಕೆ ಬರುತ್ತದೆ, ಮತ್ತು ಅದರ ಸುಖದುಃಖವೆಲ್ಲ ಇಂಜಿನ್ನಿಗಿಂತ ಹೆಚ್ಚಾಗಿ ಜೋಡಣೆಯ ಅಳತೆಯಲ್ಲಿದೆ. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ನೇರವಾದ ಎರಡು ಹಲಗೆಗಳಲ್ಲಿ ಒಂದನ್ನು ಬೈಕಿನ ಎರಡೂ ಚಕ್ರಗಳಿಗೆ, ಇನ್ನೊಂದನ್ನು ಸೈಡ್‌ಕಾರ್ ಚಕ್ರಕ್ಕೆ ತಾಗಿಸಿಟ್ಟು ಅವುಗಳ ನಡುವಿನ ದೂರವನ್ನು ಹಿಂದೆ ಮತ್ತು ಮುಂದೆ ಅಳೆಯಬೇಕು. ಮುಂದಿನ ಅಳತೆ ಹಿಂದಿನದ್ದಕ್ಕಿಂತ 12ರಿಂದ 20 ಮಿ.ಮೀ. ಕಡಿಮೆ ಬರಬೇಕು. ಸೈಡ್‌ಕಾರ್ ಚಕ್ರದ ಅಚ್ಚು ಬೈಕಿನ ಹಿಂಚಕ್ರದ ಅಚ್ಚಿಗಿಂತ 150ರಿಂದ 250 ಮಿ.ಮೀ. ಮುಂದಿರಬೇಕು. ಕೊನೆಗೆ, ಸವಾರರನ್ನು ಕೂರಿಸಿ, ಗಾರೆಯವರ ತೂಗುಗುಂಡು ಇಳಿಬಿಟ್ಟು ನೋಡಿದಾಗ ಬೈಕು ಬಲಕ್ಕೆ, ಎಂದರೆ ಸೈಡ್‌ಕಾರಿನಿಂದ ಆಚೆಗೆ, ಒಂದೆರಡು ಡಿಗ್ರಿ ವಾಲಿರಬೇಕು. ರಸ್ತೆಯ ಅಂಚು ಎಡಕ್ಕೆ ಇಳಿಜಾರಾಗಿರುವುದರಿಂದ ಬೈಕು ಎಡಕ್ಕೆ ಎಳೆಯುತ್ತದೆ. ಆ ಎಳೆತವನ್ನು ಸರಿದೂಗಿಸುವುದು ಈ ವಾಲಿಕೆಯೇ. ಓಡಿಸಿ ನೋಡಿದಾಗ ಕೈಗೆ ಎಡದ ಎಳೆತ ಹೆಚ್ಚೆನಿಸಿದರೆ ವಾಲಿಕೆಯನ್ನು ಕೊಂಚ ಹೆಚ್ಚಿಸಬೇಕು. ಭಾರ ಹೆಚ್ಚುವುದರಿಂದ ಇಂಜಿನ್ ಕಡೆಯ ಸ್ಪ್ರಾಕೆಟ್ಟಿನಲ್ಲಿ ಒಂದೆರಡು ಹಲ್ಲು ಕಡಿಮೆ ಮಾಡಿದರೆ ಘಟ್ಟದಲ್ಲಿ ಕ್ಲಚ್ ಉಳಿಯುತ್ತದೆ.

ಕಾಗದಪತ್ರದ ಕೆಲಸವನ್ನೂ ಇದೇ ಹಂತದಲ್ಲಿ ಮುಗಿಸಬೇಕು. ಸೈಡ್‌ಕಾರ್ ಜೋಡಿಸುವುದು ವಾಹನದ ಮಾರ್ಪಾಡು ಎನಿಸುವುದರಿಂದ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಕ್ಕೆ ವಿಂಟೇಜ್ ನೋಂದಣಿ ಪಡೆಯಬಹುದು. ಆದರೆ ಹಾಗೆ ನೋಂದಾಯಿಸಿದ ಬೈಕನ್ನು ದಿನನಿತ್ಯ ರಸ್ತೆಯಲ್ಲಿ ಬಳಸುವಂತಿಲ್ಲ. ಪೇಟೆಗೂ ಅದರಲ್ಲೇ ಹೋಗಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಮುಂದುವರಿಸುವುದು ಒಳಿತು.

ಸೈಡ್‌ಕಾರ್ ಓಡಿಸುವವರು ಬೈಕಿನ ಅಭ್ಯಾಸವನ್ನು ಬದಿಗಿಡಬೇಕು. ಇಲ್ಲಿ ವಾಲಿಸುವುದಿಲ್ಲ, ಹ್ಯಾಂಡಲ್ ತಿರುಗಿಸಿಯೇ ತಿರುಗಬೇಕು. ವೇಗ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಎಡ ತಿರುವಿನಲ್ಲಿ ವೇಗ ಹೆಚ್ಚಿದರೆ ಸೈಡ್‌ಕಾರ್ ಚಕ್ರ ನೆಲ ಬಿಟ್ಟು ಏಳುತ್ತದೆ. ಖಾಲಿ ಮೈದಾನದಲ್ಲಿ ಎಡಕ್ಕೆ ಸುತ್ತು ಹಾಕುತ್ತ ಇದನ್ನು ಬೇಕೆಂದೇ ಏಳಿಸಿ, ಎಕ್ಸಿಲರೇಟರ್ ಇಳಿಸಿ ಹ್ಯಾಂಡಲನ್ನು ಸ್ವಲ್ಪ ಬಲಕ್ಕೆ ಬಿಟ್ಟು ಮೆಲ್ಲನೆ ಇಳಿಸುವುದನ್ನು ಕೈಗೆ ಕಲಿಸಬೇಕು. ಇದು ಬಾರದವರು ದೇವಿಮನೆ ಘಟ್ಟ ಇಳಿಯಬಾರದು. ಜೊತೆಗೆ ಕೂರುವವರು ಇಲ್ಲದಿದ್ದರೆ ಒಂದು ಚೀಲ ಮರಳನ್ನು ಜರುಗದಂತೆ ಕಟ್ಟಬೇಕು. ಟ್ರಯಲ್ಸ್‌ನಲ್ಲಿ ಜೊತೆಯವರದ್ದು ಸವಾರರಷ್ಟೇ ದೊಡ್ಡ ಕೆಲಸ: ಎಡ ತಿರುವಿಗೆ ಸೈಡ್‌ಕಾರಿನ ಹೊರಕ್ಕೆ, ಎಂದರೆ ಎಡಕ್ಕೆ, ಬಾಗುವುದು, ಬಲ ತಿರುವಿಗೆ ಸವಾರರ ಬೆನ್ನಹಿಂದೆ ಸರಿಯುವುದು, ಏರಿನಲ್ಲಿ ಹಿಂಚಕ್ರದ ಮೇಲೆ ಭಾರ ಹಾಕಿ ಹಿಡಿತ ಕೊಡುವುದು. ಏನೇ ಆದರೂ ಎಡಗಾಲನ್ನು ನೆಲಕ್ಕೆ ಚಾಚಬಾರದು. ಬೈಕು ಮತ್ತು ಸೈಡ್‌ಕಾರಿನ ಚೌಕಟ್ಟಿನ ನಡುವೆ ಸಿಕ್ಕಿದರೆ ಮೂಳೆ ಮುರಿಯುತ್ತದೆ.

ಜೋಡಿಸಿದ ಮೇಲಿನ ಮೊದಲ ಕೆಲವು ಸವಾರಿಗಳಲ್ಲಿ ಪ್ರತಿ ಸಲವೂ ಮನೆಗೆ ಬಂದು ಸೈಡ್‌ಕಾರನ್ನು ಬೈಕಿಗೆ ಜೋಡಿಸಿರುವ ನಾಲ್ಕೂ ಹಿಡಿಕೆಗಳ ನಟ್ಟು ಬಿಗಿದು, ಹಲಗೆಯಿಟ್ಟು ಅಳತೆ ಮತ್ತೆ ನೋಡಬೇಕು. ಹಿಂಚಕ್ರದ ಕಡ್ಡಿಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ತಟ್ಟಿ ಕೇಳಿದರೆ ಸಡಿಲಾದದ್ದು ಮಂಕು ಸದ್ದು ಕೊಡುತ್ತದೆ. ಹಿಡಿಕೆಗಳು ಕೂರುವ ಜಾಗದಲ್ಲಿ ಫ್ರೇಮಿನ ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದರ ಕೆಳಗೆ ಬಿರುಕಿದೆಯೆಂದೇ ತಿಳಿದು, ಬಣ್ಣ ಕೆರೆದು ನೋಡುವವರೆಗೆ ಬೈಕನ್ನು ಹೊರಗೆ ತೆಗೆಯಬಾರದು.